ಅಲುಗದ ಪಟರ್: ತೂಕ ಎಲ್ಲಿಡಬೇಕು, ಶಾಫ್ಟ್ ಎಲ್ಲಿ ಕೂರಬೇಕು

ಗಾಲ್ಫ್‌ನಲ್ಲಿ ಮೂರಡಿಯ ಪಟ್, ಅಂದರೆ ಚೆಂಡನ್ನು ಗುಂಡಿಗೆ ಉರುಳಿಸುವ ಮೆಲು ಹೊಡೆತ. ಗ್ರೀನ್, ಅಂದರೆ ಗುಂಡಿಯ ಸುತ್ತಲಿನ ನುಣುಪು ಹುಲ್ಲುಹಾಸು, ಸಮತಟ್ಟು. ಗುಂಡಿಯ ವ್ಯಾಸ 108 ಮಿಲಿಮೀಟರ್, ಚೆಂಡಿನದು 42.67. ಎರಡು ಚೆಂಡು ಜೋಡಿಸಿ ಬಿಟ್ಟರೂ ಜಾಗ ಮಿಗುತ್ತದೆ. ಆದರೂ ಚೆಂಡು ಗುಂಡಿಯ ಅಂಚು ಸವರಿಕೊಂಡು ಹೊರಗೆ ಹೋಗುತ್ತದೆ. ‘ಕೈ ನಡುಗಿತು’ ಅಂತ ನಮ್ಮನ್ನೇ ನಾವು ಬೈದುಕೊಳ್ಳುತ್ತೇವೆ. ಆ ಹೊಡೆತದ ಕೋಲು, ಅಂದರೆ ಪಟರ್, ಮಾತ್ರ ಏನೂ ಆಗದ ಹಾಗೆ ಬ್ಯಾಗ್ ಸೇರುತ್ತದೆ.

ನಾನು ಬೆಂಗಳೂರಿನಲ್ಲಿ ಯಂತ್ರಭಾಗಗಳ ಡ್ರಾಯಿಂಗ್ ಮಾಡಿ ಬದುಕುವವನು, ವಾರಾಂತ್ಯದಲ್ಲಿ ಗಾಲ್ಫ್ ಆಡುವವನು. ಎರಡು ವರ್ಷ ಪಟರ್ ಬದಲಿಸಿ ಬದಲಿಸಿ ದುಡ್ಡು ಕಳೆದ ಮೇಲೆ ಸ್ವಂತಕ್ಕೊಂದು ಮಾಡಿಕೊಂಡೆ. ಆ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದು ಮಾಡುವ ಯೋಚನೆ ಇಲ್ಲದವರಿಗೂ ಮೊದಲ ಮೂರು ಹಂತ ಉಪಯೋಗಕ್ಕೆ ಬರುತ್ತವೆ. ಇರುವ ಪಟರನ್ನೇ ಅಷ್ಟರಲ್ಲಿ ಸರಿಮಾಡಿಕೊಳ್ಳಬಹುದು.

ಹಂತ 1: ಈಗಿನ ಪಟರ್‌ನ ಜಾತಕ ನೋಡಿ

ಪಟರ್‌ನ ಶಾಫ್ಟನ್ನು, ಅಂದರೆ ಉದ್ದನೆಯ ದಂಡವನ್ನು, ತಲೆಯ ಹತ್ತಿರ ಒಂದು ಬೆರಳಿನ ಮೇಲೆ ಅಡ್ಡಲಾಗಿ ಇಡಿ. ಎರಡೂ ಕಡೆ ಸಮ ತೂಗುವ ಜಾಗ ಸಿಗುವವರೆಗೆ ಹಿಂದೆ ಮುಂದೆ ಸರಿಸಿ. ಈಗ ತಲೆ ಯಾವ ಕಡೆ ತಿರುಗಿ ನಿಲ್ಲುತ್ತದೆ ನೋಡಿ.

ಚೆಂಡಿಗೆ ಹೊಡೆಯುವ ಮುಖ ಆಕಾಶ ನೋಡುತ್ತಾ ನಿಂತರೆ ಅದು ಫೇಸ್ ಬ್ಯಾಲೆನ್ಸ್ಡ್. ತಲೆಯ ಹೊರತುದಿ, ಅಂದರೆ ಟೋ, ನೆಲದ ಕಡೆ ಜೋತುಬಿದ್ದರೆ ಅದು ಟೋ ಹ್ಯಾಂಗ್. ತೆಳ್ಳನೆ ತಲೆಯ ಹಳೇ ಬ್ಲೇಡ್ ಪಟರ್‌ಗಳು ಪೂರ್ತಿ ಜೋತುಬೀಳುತ್ತವೆ, ಬಹಳಷ್ಟು ಪಟರ್‌ಗಳು ಓರೆಯಾಗಿ ನಡುವೆ ಎಲ್ಲೋ ನಿಲ್ಲುತ್ತವೆ. ಕಾರಣ ಸರಳ. ಶಾಫ್ಟ್‌ನ ಗೆರೆಯನ್ನು ಕೆಳಕ್ಕೆ ಎಳೆದರೆ ಅದು ತಲೆಯ ಭಾರಕೇಂದ್ರದ ಪಕ್ಕದಲ್ಲಿ ಹಾದುಹೋಗುತ್ತಿದೆ. ಭಾರ ಯಾವ ಕಡೆ ಜಾಸ್ತಿಯೋ ಆ ಕಡೆ ಕೆಳಗೆ ಇಳಿಯುತ್ತದೆ. ತಕ್ಕಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಡುವಾಗ ಇದರಿಂದ ಏನಾಗುತ್ತದೆ? ಪಟರನ್ನು ಹಿಂದಕ್ಕೆ ತೆಗೆದಾಗ ಟೋ ಭಾರದ ತಲೆ ತೆರೆದುಕೊಳ್ಳಲು ನೋಡುತ್ತದೆ. ಅದನ್ನು ಮತ್ತೆ ಮುಚ್ಚಿ ತರುವ ಕೆಲಸ ನಿಮ್ಮ ಮಣಿಕಟ್ಟಿನದು. ಕಮಾನಿನ ಹಾಗೆ ಸ್ವಿಂಗ್ ಮಾಡುವವರಿಗೆ ಟೋ ಹ್ಯಾಂಗ್, ನೇರವಾಗಿ ಹಿಂದೆ ಮುಂದೆ ಒಯ್ಯುವವರಿಗೆ ಫೇಸ್ ಬ್ಯಾಲೆನ್ಸ್ಡ್ ಎಂದು ಅಂಗಡಿಯವರು ಹೇಳುತ್ತಾರೆ. ತಕ್ಕಮಟ್ಟಿಗೆ ಒಪ್ಪುವ ಮಾತು. ಆದರೆ ಅದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ.

ಇನ್ನು ಅಳತೆ. ಉದ್ದ ಸಾಮಾನ್ಯವಾಗಿ 33ರಿಂದ 35 ಇಂಚು ಇರುತ್ತದೆ. ಈಗಿನ ತಲೆಗಳ ತೂಕ ಹೆಚ್ಚಾಗಿ 340ರಿಂದ 370 ಗ್ರಾಂ. ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿರುವ ಕೋನ, 3-4 ಡಿಗ್ರಿ. ನಿಮ್ಮದನ್ನು ಅಳೆದು ಬರೆದಿಟ್ಟುಕೊಳ್ಳಿ.

ಹಂತ 2: ಚೆಂಡು ಮುಖದ ಎಲ್ಲಿ ತಗಲುತ್ತಿದೆ?

ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಹಿಂಭಾಗಕ್ಕೆ ದಪ್ಪ ಚುಕ್ಕೆ ಇಡಿ. ಆ ಚುಕ್ಕೆ ಮುಖಕ್ಕೆ ತಗಲುವ ಹಾಗೆ ಚೆಂಡು ಇಟ್ಟು ಪಟ್ ಮಾಡಿ. ಮುಖದ ಮೇಲೆ ಅಚ್ಚು ಬೀಳುತ್ತದೆ. ಒರೆಸಬೇಡಿ. ಹತ್ತು ಅಡಿಯಿಂದ ಹತ್ತು, ಮೂವತ್ತು ಅಡಿಯಿಂದ ಹತ್ತು. ಇಪ್ಪತ್ತು ಅಚ್ಚು ಆದ ಮೇಲೆ ಫೋಟೊ ತೆಗೆದಿಡಿ.

ನನ್ನ ಮೊದಲ ಫೋಟೊ ನೋಡಿ ನನಗೇ ನಾಚಿಕೆಯಾಯಿತು. ಹತ್ತು ಅಡಿಯ ಚುಕ್ಕೆಗಳು ಒಂದು ರೂಪಾಯಿ ನಾಣ್ಯದೊಳಗೆ ಇದ್ದವು. ಮೂವತ್ತು ಅಡಿಯವು ಟೋ ಕಡೆಗೆ ಸಾಲು ಹಿಡಿದಿದ್ದವು, ಎರಡಂತೂ ನಡುವಿನಿಂದ 2 ಸೆಂಟಿಮೀಟರ್ ಆಚೆ. ದೂರದ ಪಟ್‌ಗಳು ಯಾಕೆ ಯಾವಾಗಲೂ ಗುಂಡಿಗೆ ಮುಂಚೆಯೇ ನಿಲ್ಲುತ್ತಿದ್ದವು ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಇತ್ತು.

ಹಂತ 3: ತೂಕವನ್ನು ತುದಿಗೆ ಒಯ್ಯಿರಿ

ಈ ಹಂತದಲ್ಲಿ ಅವಸರ ಬೇಡ. ಪೂರ್ತಿ ಕಸುಬಿನ ತಿರುಳು ಇಲ್ಲಿದೆ.

ಹಿಂದೆ ಊರಲ್ಲಿ ಅಡ್ಡೆ ಹೊತ್ತು ಬರುತ್ತಿದ್ದವರನ್ನು ನೆನಪಿಸಿಕೊಳ್ಳಿ. ಹೆಗಲ ಮೇಲೆ ಬಿದಿರ ದೊಣ್ಣೆ, ಎರಡು ತುದಿಗೆ ಎರಡು ಬುಟ್ಟಿ. ಯಾರಾದರೂ ಪಕ್ಕದಿಂದ ಕರೆದರೆ ಅಡ್ಡೆಯವನು ಥಟ್ಟನೆ ತಿರುಗುವ ಹಾಗಿಲ್ಲ. ಅಷ್ಟೇ ಭಾರವನ್ನು ಗಂಟು ಕಟ್ಟಿ ತಲೆ ಮೇಲೆ ಹೊತ್ತವನು ಸುಲಭವಾಗಿ ತಿರುಗುತ್ತಾನೆ. ತೂಕ ಒಂದೇ, ಇರುವ ಜಾಗ ಬೇರೆ. ಹೀಗೆ ತಿರುಗಲು ಒಪ್ಪದ ಗುಣವನ್ನು ಪಟರ್ ಮಾಡುವವರು ಎಂಒಐ (ಮೊಮೆಂಟ್ ಆಫ್ ಇನರ್ಷಿಯಾ) ಎನ್ನುತ್ತಾರೆ. ನಡುವಿನಿಂದ ದೂರ ಎರಡು ಪಟ್ಟಾದರೆ ಈ ಗುಣ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ತೂಕ ಸೇರಿಸುವುದಕ್ಕಿಂತ ಇರುವ ತೂಕವನ್ನು ಸರಿಸುವುದರಲ್ಲಿ ಲಾಭ ಜಾಸ್ತಿ.

ಲೆಕ್ಕ ಹಾಕಿ ನೋಡೋಣ. 10 ಸೆಂ.ಮೀ. ಉದ್ದದ, 350 ಗ್ರಾಂ ತೂಕದ, ಎಲ್ಲ ಕಡೆ ಒಂದೇ ದಪ್ಪದ ಸರಳು ಅಂದುಕೊಳ್ಳಿ. ಇದರ ಎಂಒಐ ಸುಮಾರು 2,900 ಗ್ರಾಂ-ಚದರ ಸೆಂಟಿಮೀಟರ್. ಈಗ ಅದೇ 350 ಗ್ರಾಂನಲ್ಲಿ 100 ಗ್ರಾಂ ಒಂದು ತುದಿಗೆ, 100 ಗ್ರಾಂ ಇನ್ನೊಂದು ತುದಿಗೆ ಇಟ್ಟು, ಉಳಿದ 150 ಗ್ರಾಂ ಮಾತ್ರ ಉದ್ದಕ್ಕೂ ಹರಡಿ. ಎಂಒಐ 6,250ಕ್ಕೆ ಏರುತ್ತದೆ. ಒಂದು ಗ್ರಾಂ ಕೂಡ ಹೆಚ್ಚಿಸದೆ ಎರಡು ಪಟ್ಟಿಗಿಂತ ಜಾಸ್ತಿ!

ಇದು ಗ್ರೀನ್ ಮೇಲೆ ಹೇಗೆ ಕಾಣುತ್ತದೆ? ಚೆಂಡು ನಡುವಿನಿಂದ 2 ಸೆಂ.ಮೀ. ಆಚೆ ತಗುಲಿತು ಅಂದುಕೊಳ್ಳಿ. 30 ಅಡಿ ಹೋಗಬೇಕಾದ ಚೆಂಡು ಮೊದಲನೇ ಸರಳಿನಿಂದ ಹೊಡೆದರೆ ಸುಮಾರು 3 ಅಡಿ ಮುಂಚೆ ನಿಲ್ಲುತ್ತದೆ, ಎರಡನೆಯದರಿಂದ ಒಂದೂವರೆ ಅಡಿ. ಶಾಫ್ಟ್ ಮತ್ತು ಕೈಯ ಹಿಡಿತ ಬಿಟ್ಟು ನಾನು ಹಾಕಿದ ಕಾಗದದ ಲೆಕ್ಕ ಇದು. ಆದರೂ ಮೂರಡಿಯ ಎರಡನೇ ಪಟ್‌ಗೂ ಒಂದೂವರೆ ಅಡಿಯದಕ್ಕೂ ಇರುವ ವ್ಯತ್ಯಾಸ ಆಡುವವರಿಗೆ ಗೊತ್ತು ಅಲ್ವಾ?

ಇನ್ನೊಂದು ಮಾತು. ಪಕ್ಕಕ್ಕೆ ತಗುಲಿದಾಗ ತಲೆ ತಿರುಚಿ ಚೆಂಡು ದಿಕ್ಕು ತಪ್ಪುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಚೆಂಡು ಮುಖಕ್ಕೆ ಅಂಟಿಕೊಂಡಿರುವುದು ಕಣ್ಣು ಮಿಟುಕಿಸುವುದಕ್ಕಿಂತ ತೀರಾ ಕಡಿಮೆ ಹೊತ್ತು. ಅಷ್ಟರಲ್ಲಿ ತಲೆ ತಿರುಗುವುದು ಬಹಳ ಸ್ವಲ್ಪ. ದೊಡ್ಡ ನಷ್ಟ ವೇಗದ್ದು. ದಿಕ್ಕು ಕೆಡುವುದು ಹೆಚ್ಚಾಗಿ ಹೊಡೆಯುವ ಮುಂಚೆಯೇ, ಮುಖ ಓರೆಯಾಗಿ ಬಂದಾಗ. 10 ಅಡಿ ದೂರದಲ್ಲಿ 1 ಡಿಗ್ರಿ ತಪ್ಪಿದರೆ ಚೆಂಡು 53 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಗುಂಡಿಯ ನಡುವಿನಿಂದ ಅಂಚಿಗೆ ಇರುವುದು 54. ಆ ಓರೆಗೆ ಮದ್ದು ಐದನೇ ಹಂತದಲ್ಲಿದೆ.

ತೂಕ ಸರಿಸಿ ನೋಡಲು ದುಬಾರಿ ಸಾಮಾನು ಬೇಕಿಲ್ಲ. ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುವ 5 ಗ್ರಾಂ, 10 ಗ್ರಾಂ ಪಟ್ಟಿ ಕೇಳಿ. ಬೆನ್ನಿಗೆ ಅಂಟು ಇರುತ್ತದೆ. ಪಟರ್‌ನ ಹಿಂಭಾಗದಲ್ಲಿ ಟೋ ಕಡೆಗೆ 10, ಹೀಲ್, ಅಂದರೆ ಆಟಗಾರನ ಕಡೆಯ ತುದಿಗೆ 10 ಅಂಟಿಸಿ, ಎರಡನೇ ಹಂತದ ಪರೀಕ್ಷೆ ಮತ್ತೆ ಮಾಡಿ. ಹತ್ತು ರೂಪಾಯಿ ನಾಣ್ಯವೂ ಆಗುತ್ತದೆ, ಒಂದೊಂದು ಸುಮಾರು 7.7 ಗ್ರಾಂ. ಎರಡು ಬದಿಯ ಟೇಪ್ ಹಾಕಿದರೆ ಸಾಕು. ಬಹಳ ಜನಕ್ಕೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ತೂಕ ತುದಿಗೆ ಸರಿಸುವ ಈ ವಿದ್ಯೆಯನ್ನು ಮನೆಮಾತು ಮಾಡಿದವರು ಕಾರ್ಸ್ಟನ್ ಸೋಲ್‌ಹೈಮ್. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್. ಅವರಿಗೂ ಪಟ್ ಕೈಕೊಡುತ್ತಿತ್ತು. 1959ರಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ತಮ್ಮ ಮನೆಯ ಗ್ಯಾರೇಜಿನಲ್ಲಿ ತೂಕವನ್ನು ಹೀಲ್ ಮತ್ತು ಟೋಗೆ ಹಂಚಿದ ಪಟರ್ ಮಾಡಿದರು. ಹೊಡೆದಾಗ ‘ಪಿಂಗ್’ ಎಂದಿತು, ಅದೇ ಹೆಸರಾಯಿತು. 1966ರ ಅವರ ಆನ್ಸರ್ ಪಟರ್‌ನ ಮೊದಲ ಚಿತ್ರ ಬಂದಿದ್ದು ಗ್ರಾಮಫೋನ್ ರೆಕಾರ್ಡಿನ ಕವರ್ ಮೇಲೆ. ಹೆಸರು ಸೂಚಿಸಿದ್ದು ಹೆಂಡತಿ ಲೂಯಿಸ್. ಇಂಗ್ಲಿಷ್ ಪದ ಪೂರ್ತಿ ಕೆತ್ತಲು ತಲೆಯ ಮೇಲೆ ಜಾಗ ಸಾಲದೆ ನಡುವಿನ ಒಂದು ಅಕ್ಷರವನ್ನೇ ಕೈಬಿಟ್ಟರು. ಇವತ್ತು ಅಂಗಡಿಯಲ್ಲಿ ಕಾಣುವ ಅರ್ಧದಷ್ಟು ಬ್ಲೇಡ್‌ಗಳು ಆ ಚಿತ್ರದ ಮಕ್ಕಳು ಮೊಮ್ಮಕ್ಕಳ ಹಾಗೇ ಕಾಣುತ್ತವೆ.

ಹಂತ 4: ತಲೆಯ ಡ್ರಾಯಿಂಗ್

ನಾನು ಮಾಡಿಸಿದ ತಲೆಯ ಅಳತೆ ಕೊಡುತ್ತೇನೆ. ಬೇಕಾದ ಹಾಗೆ ಬದಲಿಸಿಕೊಳ್ಳಿ.

ಮೈಗೆ 6061 ದರ್ಜೆಯ ಅಲ್ಯೂಮಿನಿಯಂ. 100 ಮಿ.ಮೀ. ಉದ್ದ, 57 ಅಗಲ, 25 ಎತ್ತರದ ಒಂದೇ ಗಟ್ಟಿಯಿಂದ ಕೊರೆಯಬೇಕು. ಮುಂದೆ 12 ಮಿ.ಮೀ. ದಪ್ಪದ ಮುಖ ಪೂರ್ತಿ ಎತ್ತರಕ್ಕೆ ಉಳಿಯುತ್ತದೆ. ಅದರ ಹಿಂದಿನ 45 ಮಿ.ಮೀ. ಜಾಗವನ್ನು ಕೆತ್ತಿ ಬರೀ 4 ಮಿ.ಮೀ. ತಟ್ಟೆ ಮಾಡಬೇಕು. ಪಕ್ಕದಿಂದ ನೋಡಿದರೆ ಮನೆ ಮುಂದಿನ ಜಗಲಿ ಮತ್ತು ಗೋಡೆಯ ಹಾಗೆ. ಇಷ್ಟಕ್ಕೆ ತೂಕ ಸುಮಾರು 130 ಗ್ರಾಂ.

ತಟ್ಟೆಯ ಎರಡು ಅಂಚಿಗೆ ಒಂದೊಂದು ಸ್ಟೀಲ್ ಗಟ್ಟಿ. 15 ಅಗಲ, 45 ಉದ್ದ, 20 ಎತ್ತರ. ಒಂದೊಂದು 105 ಗ್ರಾಂ ಆಸುಪಾಸು. ಕೆಳಗಿನಿಂದ ತಲೆ ಹುದುಗುವ ಎಂ4 ಸ್ಕ್ರೂ ಎರಡೆರಡು. ನಡುವೆ ಶಾಫ್ಟ್ ಕೂರಲು 26 ಅಗಲ, 20 ಉದ್ದ, 20 ಎತ್ತರದ ಅಲ್ಯೂಮಿನಿಯಂ ಗಟ್ಟಿ, ಅದಕ್ಕೆ ಬಾಸ್ ಅನ್ನುತ್ತಾರೆ. ಎಲ್ಲ ಸೇರಿ 365 ಗ್ರಾಂ ಆಗುತ್ತದೆ, ಎಂಒಐ ಲೆಕ್ಕದಲ್ಲಿ ಸುಮಾರು 5,900. ಅಲ್ಯೂಮಿನಿಯಂ ಯಾಕೆ ಅಂದರೆ ಅದರ ಸಾಂದ್ರತೆ 2.7, ಸ್ಟೀಲಿನದು 7.8. ನಡುವೆ ಹಗುರ ಲೋಹ, ಅಂಚಿಗೆ ಭಾರದ್ದು. ಅಡ್ಡೆಯ ಬುಟ್ಟಿ ಇಲ್ಲಿಗೆ ಬಂತು. ಟಂಗ್‌ಸ್ಟನ್ 19.3, ಇನ್ನೂ ಚಿಕ್ಕ ಗಟ್ಟಿಯಲ್ಲಿ ಕೆಲಸ ಆಗುತ್ತದೆ. ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ.

ಭಾರಕೇಂದ್ರ ಎಲ್ಲಿ ಬಂತು ಅನ್ನುವುದು ಮುಂದಿನ ಹಂತಕ್ಕೆ ಬೇಕು. ಈ ತಲೆಯಲ್ಲಿ ಅದು ಮುಖದಿಂದ 28 ಮಿ.ಮೀ. ಹಿಂದೆ, ತಳದಿಂದ 12 ಮಿ.ಮೀ. ಮೇಲೆ, ಹೀಲ್-ಟೋ ನಡುವೆ ಸರಿಯಾಗಿ ಮಧ್ಯದಲ್ಲಿ. ಕಂಪ್ಯೂಟರ್ ಡ್ರಾಯಿಂಗ್‌ನಲ್ಲಿ ಮಾಡಿದರೆ ಸಾಫ್ಟ್‌ವೇರೇ ತೋರಿಸುತ್ತದೆ.

ಡ್ರಾಯಿಂಗ್ ಹಿಡಿದು ಪೀಣ್ಯದ ಒಂದು ಶೆಡ್‌ಗೆ ಹೋದೆ. ಲೋಹ ಕೊರೆಯುವ ವಿಎಂಸಿ ಯಂತ್ರ ಇಟ್ಟುಕೊಂಡಿದ್ದ ಮಾಲೀಕರು ಹಾಳೆ ತಿರುಗಿಸಿ ತಿರುಗಿಸಿ ನೋಡಿ, “ಇದೇನ್ ಸಾರ್, ಬಾಗಿಲ ಹ್ಯಾಂಡಲ್ಲಾ?” ಅಂದರು. ಒಂದೇ ಪೀಸ್‌ಗೆ ಯಂತ್ರ ಸೆಟ್ ಮಾಡುವ ಖರ್ಚೇ ಜಾಸ್ತಿ ಎಂದು ಮುಖ ಸಿಂಡರಿಸಿದರು. ಅದಕ್ಕೇ ಇಬ್ಬರು ಮೂವರು ಗೆಳೆಯರು ಸೇರಿ ಒಟ್ಟಿಗೆ ಮಾಡಿಸಿಕೊಳ್ಳುವುದು ಲಾಭ.

ಡ್ರಾಯಿಂಗ್‌ನಲ್ಲಿ ಮೂರು ವಿಷಯ ಮರೆಯದೆ ಬರೆಯಿರಿ. ಮುಖಕ್ಕೆ 3 ಡಿಗ್ರಿ ಲಾಫ್ಟ್. ನಮ್ಮ ಕಡೆಯ ಬರ್ಮುಡಾ ಜಾತಿಯ ಹುಲ್ಲಿನಲ್ಲಿ ಚೆಂಡು ಸ್ವಲ್ಪ ತಗ್ಗಿಗೆ ಕೂರುತ್ತದೆ, ಲಾಫ್ಟ್ ಇಲ್ಲದಿದ್ದರೆ ಹೊರಡುವಾಗಲೇ ಕುಪ್ಪಳಿಸುತ್ತದೆ. ಎರಡನೆಯದು, ಮುಖ ಪೂರ್ತಿ ಚಪ್ಪಟೆ. ಮೂರನೆಯದು, ತಳದ ಅಂಚುಗಳಿಗೆ ದುಂಡು. ಚೂಪಾಗಿ ಬಿಟ್ಟರೆ ಹುಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಹಂತ 5: ಶಾಫ್ಟ್ ಕೂರುವ ತೂತು

ನಾನು ಎಡವಿದ್ದು ಇಲ್ಲಿ. ನಿಧಾನವಾಗಿ ಓದಿ.

ಶಾಫ್ಟ್‌ನ ಗೆರೆ ಭಾರಕೇಂದ್ರದ ಮೂಲಕವೇ ಹಾದುಹೋದರೆ ತಲೆಗೆ ಯಾವ ಕಡೆಯೂ ತಿರುಗುವ ಕಾರಣ ಇರುವುದಿಲ್ಲ. ಟೋ ಕೆಳಗೆ ಬೀಳುವುದಿಲ್ಲ, ಮುಖ ಆಕಾಶಕ್ಕೂ ತಿರುಗುವುದಿಲ್ಲ. ನೀವು ಬಿಟ್ಟ ಕಡೆ ನಿಲ್ಲುತ್ತದೆ. ಈಗ ಮಾರುಕಟ್ಟೆಯಲ್ಲಿ ‘ಝೀರೋ ಟಾರ್ಕ್’ (ತಿರುಚುವ ಬಲ ಸೊನ್ನೆ) ಎಂದು ಸದ್ದು ಮಾಡುತ್ತಿರುವ ಪಟರ್‌ಗಳ ಹಿಂದೆ ಇರುವ ಯೋಚನೆಯೂ ಇದೇ. 2025ರ ಯುಎಸ್ ಓಪನ್ ಗೆದ್ದ ಜೆ.ಜೆ. ಸ್ಪಾನ್ ಕೈಯಲ್ಲಿದ್ದದ್ದು ಲ್ಯಾಬ್ ಗಾಲ್ಫ್ ಕಂಪನಿಯ ಇಂಥದ್ದೇ ಒಂದು ಪಟರ್.

ಶಾಫ್ಟ್ ನೆಟ್ಟಗೆ ನಿಲ್ಲುವ ಹಾಗಿಲ್ಲ. ನಿಯಮದ ಪ್ರಕಾರ ಕನಿಷ್ಠ 10 ಡಿಗ್ರಿ ಆಟಗಾರನ ಕಡೆಗೆ ವಾಲಲೇಬೇಕು. ನಾನು ಎಲ್ಲರಂತೆ 20 ಡಿಗ್ರಿ ಇಟ್ಟುಕೊಂಡೆ. ಬಾಸ್‌ನ ಮೇಲ್ಮೈಯ ನಟ್ಟನಡುವೆ ಗುರುತು ಹಾಕಿ, 20 ಡಿಗ್ರಿ ಓರೆಗೆ ಕೊರೆಸಿದೆ. ನೋಡಲು ಚೆಂದವಾಗಿ ಬಂತು. ಜೋಡಿಸಿ ಬೆರಳ ಮೇಲೆ ಇಟ್ಟರೆ ಹೀಲ್ ಧೊಪ್ಪನೆ ಕೆಳಗೆ! ಯಾಕೆ? ಬಾಸ್‌ನ ಮೇಲ್ಮೈ ತಳದಿಂದ 24 ಮಿ.ಮೀ. ಎತ್ತರದಲ್ಲಿದೆ, ಭಾರಕೇಂದ್ರ 12ರಲ್ಲಿ. ಆ 12 ಮಿ.ಮೀ. ಕೆಳಗಿಳಿಯುವಷ್ಟರಲ್ಲಿ ಓರೆ ತೂತು 4.4 ಮಿ.ಮೀ. ಟೋ ಕಡೆಗೆ ಸರಿದಿತ್ತು. ಗೆರೆ ಭಾರಕೇಂದ್ರ ದಾಟಿ ಆಚೆ ಹೋಗಿತ್ತು.

ಹಾಗಾಗಿ ಮೇಲ್ಮೈಯಲ್ಲಿ ಗುರುತು ಹಾಕುವಾಗ ನಡುವಿನಿಂದ 4.4 ಮಿ.ಮೀ. ಹೀಲ್ ಕಡೆಗೆ ಹಾಕಿ, ಅಲ್ಲಿಂದ ಓರೆಗೆ ಕೊರೆಯಿರಿ. ಆಗ ಗೆರೆ ಸರಿಯಾಗಿ 12 ಮಿ.ಮೀ. ಎತ್ತರದಲ್ಲಿ ಮಧ್ಯಕ್ಕೆ ಬರುತ್ತದೆ. ಆಳ 17 ಮಿ.ಮೀ. ಸಾಕು. ಬಾಸ್ ಬೇರೆ ತುಂಡಾಗಿದ್ದರಿಂದ ನಾನು ಬಚಾವಾದೆ, ಅದೊಂದನ್ನು ಮತ್ತೆ ಮಾಡಿಸಿದರೆ ಆಯಿತು. ತೂತಿನ ಅಗಲ ಕಣ್ಣಂದಾಜಿನಲ್ಲಿ ಹೇಳಬೇಡಿ. ನಿಮ್ಮ ಶಾಫ್ಟ್‌ನ ತುದಿಯನ್ನು ವರ್ನಿಯರ್‌ನಲ್ಲಿ ಅಳೆಯಿರಿ. ನನ್ನದು 9.4 ಮಿ.ಮೀ. ಇತ್ತು, 9.5ರ ಡ್ರಿಲ್ ಹಾಕಿಸಿದೆ.

ಅಂಟು ಹಾಕುವ ಮುಂಚೆ ಪರೀಕ್ಷೆ. ಎರಡು ಸ್ಟೀಲ್ ಲೋಟಗಳನ್ನು ಟೇಬಲ್ ಅಂಚಿಗೆ, ಒಂದು ಅಡಿ ಅಂತರದಲ್ಲಿ ಇಡಿ. ಶಾಫ್ಟನ್ನು ಅವುಗಳ ಬಾಯಿಯ ಮೇಲೆ ಅಡ್ಡ ಮಲಗಿಸಿ, ತಲೆ ಮೇಜಿನಾಚೆ ನೇತಾಡಲಿ. ಗ್ರಿಪ್, ಅಂದರೆ ಕೈಹಿಡಿಯ ಕಡೆ ಮೇಲೇಳದ ಹಾಗೆ ಮೆತ್ತಗೆ ತಡೆಯಿರಿ. ತಲೆಯನ್ನು ಬೆರಳಿಂದ ಕಾಲು ಸುತ್ತು ತಿರುಗಿಸಿ ಬಿಡಿ. ತಾನಾಗಿ ಒಂದೇ ಕಡೆಗೆ ಉರುಳಿ ನಿಂತರೆ ಆ ಕಡೆ ಭಾರ ಜಾಸ್ತಿ. ಅದರ ಎದುರು ಕಡೆಗೆ ಟೈರ್ ಪಟ್ಟಿ ಅಂಟಿಸಿ. ಈ ತಲೆಯಲ್ಲಿ ಅಂಚಿಗೆ ಹಾಕಿದ 5 ಗ್ರಾಂ ಪಟ್ಟಿ ಭಾರಕೇಂದ್ರವನ್ನು ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಸರಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ತೂತೇ ತಪ್ಪು ಎಂದು ಅರ್ಥ.

ಎಲ್ಲ ಸರಿ ಅನ್ನಿಸಿದ ಮೇಲೆ ಎಪಾಕ್ಸಿ ಅಂಟು. ಎರಡೂ ಮೇಲ್ಮೈಯನ್ನು ಮರಳುಕಾಗದದಿಂದ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ ಹಚ್ಚಿ. ಒಂದು ದಿನ ಮುಟ್ಟಬೇಡಿ.

ಒಂದು ಒಪ್ಪಿಕೊಳ್ಳಲೇಬೇಕು. ಶಾಫ್ಟ್ ಮುಖಕ್ಕಿಂತ 28 ಮಿ.ಮೀ. ಹಿಂದೆ ಕೂರುವುದರಿಂದ ಮೊದಲ ವಾರ ವಿಚಿತ್ರ ಅನ್ನಿಸುತ್ತದೆ. ಕೈ ಹಿಂದೆ ಉಳಿದ ಹಾಗೆ. ಕೆಲವರಿಗೆ ಇದು ಕೊನೆಗೂ ಒಗ್ಗುವುದಿಲ್ಲ. ಅಂಥವರು ಬಾಸನ್ನು ಮುಖದ ಹತ್ತಿರ ತಂದುಕೊಳ್ಳಿ, ಆಗ ಫೇಸ್ ಬ್ಯಾಲೆನ್ಸ್ಡ್ ಆಗುತ್ತದೆ. ಅದೂ ಒಳ್ಳೆಯದೇ.

ಹಂತ 6: ಉದ್ದ, ಲೈ, ಗ್ರಿಪ್

ತೋಳು ಸಡಿಲ ಬಿಟ್ಟು ಬಗ್ಗಿ ನಿಂತಾಗ ಕೈ ಎಲ್ಲಿ ಬರುತ್ತದೋ ಅಲ್ಲಿಗೆ ಗ್ರಿಪ್ ಬರಬೇಕು. ಶಾಫ್ಟನ್ನು ಒಂದೇ ಸಲ ಕತ್ತರಿಸಬೇಡಿ, ಅರ್ಧರ್ಧ ಇಂಚು ಕಡಿಮೆ ಮಾಡಿ ನೋಡಿ. ಲೈ, ಅಂದರೆ ಶಾಫ್ಟ್ ನೆಲಕ್ಕೆ ಮಾಡುವ ಕೋನ, ಎರಡು ಮೂರು ಡಿಗ್ರಿ ಆಚೀಚೆ ಆದರೂ ಪಟ್‌ನ ದಿಕ್ಕಿಗೆ ದೊಡ್ಡ ಪೆಟ್ಟಿಲ್ಲ, ಲಾಫ್ಟ್ ಕಡಿಮೆ ಇರುವುದರಿಂದ. ತಳ ನೆಲಕ್ಕೆ ಸಮವಾಗಿ ಕೂತರೆ ಸಾಕು.

ಗ್ರಿಪ್‌ನಲ್ಲಿ ಜನ ಮೋಸ ಹೋಗುವುದು ತೂಕದ ವಿಷಯದಲ್ಲಿ. ಮಾಮೂಲಿ ಗ್ರಿಪ್ 60 ಗ್ರಾಂ ಆಸುಪಾಸು, ಕೆಲವು ದಪ್ಪದವು 100 ದಾಟುತ್ತವೆ. ಮೇಲೆ 40 ಗ್ರಾಂ ಸೇರಿತೋ, ತಲೆ ಹಗುರಾದಂತೆ ಕೈಗೆ ಅನ್ನಿಸುತ್ತದೆ. ಮಣಿಕಟ್ಟು ಜಾಸ್ತಿ ಆಡಿಸುವವರಿಗೆ ಇದರಿಂದ ಲಾಭ ಉಂಟು, ಪಟರ್ ಸೋಮಾರಿಯಾಗುತ್ತದೆ. ತಲೆಯ ಭಾರ ಗೊತ್ತಾಗದೆ ದೂರದ ಅಂದಾಜು ತಪ್ಪುವವರು ಹಗುರ ಗ್ರಿಪ್ ಹಾಕಿಕೊಳ್ಳಲಿ.

ಹಂತ 7: ನಿಯಮಕ್ಕೆ ಒಪ್ಪುತ್ತದಾ?

ಹೀಲ್‌ನಿಂದ ಟೋಗೆ ಇರುವ ಅಳತೆ ಮುಖದಿಂದ ಹಿಂಭಾಗಕ್ಕೆ ಇರುವುದಕ್ಕಿಂತ ಜಾಸ್ತಿ ಇರಬೇಕು, 7 ಇಂಚು ದಾಟಬಾರದು. ಎತ್ತರ ಎರಡೂವರೆ ಇಂಚಿನೊಳಗೆ. ಲಾಫ್ಟ್ 10 ಡಿಗ್ರಿಗಿಂತ ಹೆಚ್ಚಿರಬಾರದು. ಇಡೀ ಪಟರ್ 18 ಇಂಚಿಗಿಂತ ಗಿಡ್ಡ ಇರಬಾರದು. ನಮ್ಮದು 100ಕ್ಕೆ 57, ತೊಂದರೆ ಇಲ್ಲ. ಉದ್ದದ ಪಟರ್ ಮಾಡಿಕೊಂಡರೂ ಅದನ್ನು ಹೊಟ್ಟೆಗೋ ಎದೆಗೋ ಊರಿ ಆಡುವುದು 2016ರ ಜನವರಿಯಿಂದ ನಿಷಿದ್ಧ. ರೌಂಡ್ ಶುರುವಾದ ಮೇಲೆ ತೂಕದ ಪಟ್ಟಿ ಸೇರಿಸುವುದೂ ತೆಗೆಯುವುದೂ ಕೂಡದು.

ನಡುವೆ ಶಾಫ್ಟ್ ಕೂರಿಸಿದ ಪಟರ್‌ಗೆ ಹಳೇ ಜಗಳವೊಂದಿದೆ. 1904ರಲ್ಲಿ ವಾಲ್ಟರ್ ಟ್ರಾವಿಸ್ ಎಂಬ ಅಮೆರಿಕದ ಆಟಗಾರ ಅಂಥ ‘ಸ್ಕೆನೆಕ್ಟಡಿ’ ಪಟರ್ ಹಿಡಿದು ಬ್ರಿಟಿಷ್ ಅಮೆಚೂರ್ ಟೂರ್ನಿ ಗೆದ್ದ. 1910ರಲ್ಲಿ ಗಾಲ್ಫ್ ನಿಯಮ ಮಾಡುವ ಬ್ರಿಟನ್ನಿನ ಸಂಸ್ಥೆ ಆರ್ ಅಂಡ್ ಎ ಅಂಥವುಗಳಿಗೆ ಬೇಡ ಅಂದಿತು. ನಿಷೇಧ ಹೋಗಲು 1950ರ ದಶಕವೇ ಬರಬೇಕಾಯಿತು. ಆ ಪಟರ್ ಮಾಡಿದ ಆರ್ಥರ್ ನೈಟ್ ಕೂಡ ಜನರಲ್ ಎಲೆಕ್ಟ್ರಿಕ್‌ನವರೇ! ಆ ಕಂಪನಿಯಲ್ಲಿ ಬಲ್ಬಿನ ಕೆಲಸಕ್ಕಿಂತ ಪಟರ್ ಚಿಂತೆಯೇ ಜಾಸ್ತಿ ಇತ್ತೇನೋ.

ಹಂತ 8: ಹದಿನೈದು ದಿನ ಏನೂ ಬದಲಿಸಬೇಡಿ

ಪಟ್ ಸರಿಯಿದ್ದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಹೊಡೆತದಲ್ಲಿ ಎದುರಾಳಿಗಳಿಗಿಂತ ಬಹಳ ಹಿಂದೆ ಉಳಿಯುತ್ತಿದ್ದರೂ ಗ್ರೀನ್ ಮೇಲೆ ಎಲ್ಲ ವಸೂಲಿ ಮಾಡಿ ನಾಲ್ಕನೆಯವರಾದರು. ಅದು ಪಟರ್ ಕಲಿಸುವ ವಿದ್ಯೆಯಲ್ಲ, ಸಾವಿರಾರು ಗಂಟೆಯ ಅಭ್ಯಾಸ. ಪಟರ್ ಮಾಡಬಹುದಾದದ್ದು ಅಡ್ಡ ಬರದೆ ಇರುವುದು ಅಷ್ಟೇ.

ಹೊಸ ಪಟರ್ ಹಿಡಿದು ಮತ್ತೆ ಎರಡನೇ ಹಂತ ಮಾಡಿ. ಅದೇ ಚುಕ್ಕೆ, ಅದೇ ಇಪ್ಪತ್ತು ಪಟ್. 30 ಅಡಿಯ ಚೆಂಡುಗಳು ನಿಂತ ಜಾಗದಲ್ಲಿ ಅತಿ ಮುಂದಿನದಕ್ಕೂ ಅತಿ ಹಿಂದಿನದಕ್ಕೂ ಎಷ್ಟು ಹೆಜ್ಜೆ ಎಂದು ಬರೆದಿಡಿ. ವಾರಕ್ಕೆರಡು ಸಲ, ಎರಡು ವಾರ. ನಡುವೆ ಒಂದು ಪಟ್ ತಪ್ಪಿತು ಎಂದು ಪಟ್ಟಿ ಕೀಳಬೇಡಿ, ಗ್ರಿಪ್ ಬದಲಿಸಬೇಡಿ.

ನನ್ನ ಚುಕ್ಕೆಗಳು ಈಗಲೂ ಟೋ ಕಡೆಗೇ ಹೋಗುತ್ತವೆ, ಆ ಚಾಳಿ ಹೋಗಿಲ್ಲ. ಆದರೆ ಚೆಂಡು ಗುಂಡಿಯ ಹತ್ತಿರ ತಲುಪುತ್ತಿದೆ. ಹೀಲ್ ಕಡೆಯ ಗಟ್ಟಿಯ ಹಿಂದೆ ಅಂಟಿಸಿದ 5 ಗ್ರಾಂ ಟೈರ್ ಪಟ್ಟಿ ಹಾಗೇ ಇದೆ. ನೋಡಲು ಚೆನ್ನಾಗಿಲ್ಲ ಎಂದು ಮಗಳು ಅದರ ಮೇಲೆ ಕಪ್ಪು ನೈಲ್ ಪಾಲಿಶ್ ಹಚ್ಚಿದ್ದಾಳೆ.